ಬಾಕ್ಸಿಂಗ್ ಪಿಕ್ಚರ್ ನೋಡಿ ಬಂದೋರ ಬಾಯಲ್ಲಿ 'ಸೂಪರ್' ಬಿಟ್ಟು ಬೇರೆ ಮಾತು ತೆಗ್ಸೋದು ಹೆಂಗೆ

ನಮ್ ಕೋಲಾರದಲ್ಲಿ ಷೋ ಬಿಟ್ಟ ತಕ್ಷಣ ಗೇಟ್ ಹತ್ರ ಪಬ್ಲಿಕ್ ರಿವ್ಯೂ ವಿಡಿಯೋಗೆ ಅಂತ ಮೊಬೈಲ್ ಹಿಡ್ಕೊಂಡು 'ಹೆಂಗೈತೆ ಅಣ್ಣಾ ಪಿಕ್ಚರ್' ಅಂದ್ರೆ ಏನ್ ಬರುತ್ತೆ ಅಂತ ನಂಗೆ ಬಾಯಿಪಾಠ. ಮೊದಲ್ನೇ ಸಲ 17 ಜನ ಸಿಕ್ಕಿದ್ರು, ಅದ್ರಲ್ಲಿ 14 ಜನ 'ಸೂಪರ್', ಇಬ್ರು 'ಒಂದ್ಸಲ ನೋಡ್ಬೋದು', ಉಳಿದವನು ಅವನ ಫ್ರೆಂಡ್ಸಿಗೆ ಹಾಯ್ ಹೇಳಿ ಹೋದ. ಜೊತೆಗೆ ಹಿಂದೆ ಬೈಕ್‌ಗಳ ಹಾರ್ನು.

ಅದಕ್ಕೇ ಕೆಲ್ಸ ಗೇಟಲ್ಲಲ್ಲ, ಒಳಗೇ ಶುರು ಮಾಡಿ. ಆದ್ರೆ ಒಳಗೆ ಮೊಬೈಲ್ ತೆಗೀಬೇಡಿ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ತಿದ್ದುಪಡಿ ಆದ್ಮೇಲೆ ಥಿಯೇಟರಲ್ಲಿ ಪಿಕ್ಚರ್ ಕದ್ದು ರೆಕಾರ್ಡ್ ಮಾಡಿದ್ರೆ ಕಮ್ಮಿ ಅಂದ್ರೂ 3 ತಿಂಗಳು ಜೈಲು, 3 ಲಕ್ಷ ದಂಡ, ನೀವು ಜನಾನ ತೆಗೀತಿದ್ದೆ ಅಂದ್ರೆ ಯಾರು ನಂಬ್ತಾರೆ. ಒಂದು ಪೆನ್ನು, ಟಿಕೆಟ್ ಹಿಂಭಾಗ, ಸಾಕು. ಶಿಳ್ಳೆ ಎಲ್ಲಿ ಬಂತು ಅಂತ ಬರ್ಕೊಬೇಡಿ, ಎಂಟ್ರಿ ಸೀನಿಗೆ ಎಲ್ಲಾ ಪಿಕ್ಚರಲ್ಲೂ ಶಿಳ್ಳೆ ಬರುತ್ತೆ. ಶಿಳ್ಳೆ ಎಲ್ಲಿ ನಿಂತೋಯ್ತು ಅನ್ನೋದು ಮುಖ್ಯ. ಹೀರೋ ಬಿದ್ದು ರೆಫರಿ ಎಣಿಸೋಕೆ ಶುರು ಮಾಡಿದಾಗ ಪಾಪ್‌ಕಾರ್ನ್ ಕವರ್ ಸದ್ದೂ ಇರಲ್ಲ, ಆಮೇಲೆ ಹಿಂದಿನ ಸಾಲಿಂದ ಯಾವನೋ ಒಬ್ಬ ತಾನೇ ಎಣಿಸೋಕೆ ಶುರು ಹಚ್ಕೊಂತಾನೆ.

ಒಂದ್ಸಲ ನನ್ ಮುಂದಿನ ಸೀಟಲ್ಲಿ ಒಬ್ರು ವಯಸ್ಸಾದೋರು ಕೂತಿದ್ರು, ಟೊಮೇಟೊ ಮಂಡಿಯಿಂದ ನೇರ ಬಂದಂಗೆ ಹೆಗಲ ಮೇಲೆ ಟವಲ್ಲು. ಇಂಟರ್ವಲ್ ಆದ್ಮೇಲೆ ನೋಡ್ತೀನಿ, ಆ ಟವಲ್ಲು ಬಲಗೈಗೆ ಬಿಗಿಯಾಗಿ ಸುತ್ಕೊಂಡಿದ್ದಾರೆ, ಸ್ಕ್ರೀನಲ್ಲಿ ಏಟು ಬಂದಾಗೆಲ್ಲಾ ಇವರ ಭುಜ ಪಕ್ಕಕ್ಕೆ ಸರಿಯುತ್ತೆ, ಪಕ್ಕದ ಸೀಟಿನ ಹುಡುಗ ಎರಡು ಸಲ ತಿರುಗಿ ನೋಡ್ದ, ಇವ್ರಿಗೆ ಗೊತ್ತೇ ಆಗ್ಲಿಲ್ಲ. ಗೇಟಲ್ಲಿ ಕೇಳಿದ್ರೆ 'ಪರ್ವಾಗಿಲ್ಲ' ಅಂದ್ರು! ಬಿಡ್ಲಿಲ್ಲ ನಾನು, ಎದುರಿನ ಟೀ ಅಂಗಡೀಲಿ ಪಕ್ಕ ನಿಂತು ಪಿಕ್ಚರ್ ಹೆಂಗಿತ್ತು ಅಂತ ಕೇಳೋದು ಬಿಟ್ಟು, 'ಲಾಸ್ಟ್ ಫೈಟಲ್ಲಿ ಅವ್ನು ಯಾಕಣ್ಣಾ ಅಷ್ಟು ಒದೆ ತಿಂದ' ಅಂತ ಕೇಳ್ದೆ. 'ಎಡಗೈ ಮುಖಕ್ಕೆ ಅಡ್ಡ ಇಡೋ ಅಂತ ಮೇಷ್ಟ್ರು ಮೊದ್ಲಿಂದ ಬಡ್ಕೊಂತಾನೆ, ಹಾಳಾದೋನು ಇಡಲ್ಲ' ಅಂತ ಶುರುವಾಗಿದ್ದು ಟೀ ಆರೋಗೋವರೆಗೂ ನಿಲ್ಲಲಿಲ್ಲ. ಅಂದ್ರೆ ಪೂರ್ತಿ ಪಿಕ್ಚರ್ ಬಗ್ಗೆ ಕೇಳ್ಬೇಡಿ, ಒಂದು ಸೀನ್ ಹಿಡ್ಕೊಳ್ಳಿ. ಕೇಳೋದು ಹತ್ತು ನಿಮಿಷ ಆದ್ಮೇಲೆ.

ಯಾವ ಭಾಷೇಲಿ ಕೂಗಿದ್ರೋ ಆ ಭಾಷೇಲೇ ಮಾತಾಡ್ಸಿ. ನಮ್ಮ ಜಿಲ್ಲೇಲಿ ಕೆಜಿಎಫ್ ಕಡೆ ತಮಿಳು, ಮುಳಬಾಗಿಲು ಶ್ರೀನಿವಾಸಪುರ ಕಡೆ ತೆಲುಗು, ಅವ್ರನ್ನ ಕ್ಯಾಮೆರಾ ಮುಂದೆ ಗ್ರಂಥದ ಕನ್ನಡ ಮಾತಾಡಿ ಅಂದ್ರೆ ಗಂಟಲು ಕಟ್ಟುತ್ತೆ. ಸುಧಾ ಕೊಂಗರ 2016ರಲ್ಲಿ ತಮಿಳಿಗೆ 'ಇರುದಿ ಸುಟ್ರು', ಹಿಂದಿಗೆ 'ಸಾಲಾ ಖಡೂಸ್' ಮಾಡಿ, 2017ರಲ್ಲಿ ಅದೇ ಕಥೇನ ತೆಲುಗಲ್ಲಿ 'ಗುರು' ಅಂತ ತೆಗೆದ್ರು, ಬಾಕ್ಸರ್ ಹುಡುಗಿ ಮೂರರಲ್ಲೂ ರಿತಿಕಾ ಸಿಂಗೇ, ಕೋಚ್ ಮಾತ್ರ ತಮಿಳು, ಹಿಂದೀಲಿ ಮಾಧವನ್, ತೆಲುಗಲ್ಲಿ ವೆಂಕಟೇಶ್. ಒಂದೇ ಮನೇಲಿ ಅಣ್ಣ ತಮಿಳಲ್ಲಿ ತಮ್ಮ ತೆಲುಗಲ್ಲಿ ನೋಡಿರೋ ಊರಿದು, ಇಬ್ರನ್ನೂ ಎದುರುಬದುರು ಕೂರ್ಸಿ ಯಾವ ಕೋಚ್ ಚೆನ್ನಾಗಿ ಬೈದ ಅಂತ ಕೇಳಿ ನೀವು ಸುಮ್ನಿದ್ಬಿಡಿ, ಮಿಕ್ಕಿದ್ದು ಅವ್ರೇ ನೋಡ್ಕೊಂತಾರೆ.

ಆಟದ ಬಗ್ಗೆ ಸ್ವಲ್ಪ ತಿಳ್ಕೊಂಡಿರಿ, ಯಾಕಂದ್ರೆ ಜನ ವಾಪಸ್ ನಿಮ್ಮನ್ನೇ ಕೇಳ್ತಾರೆ. ಬಿದ್ದ ಬಾಕ್ಸರ್ ಎದ್ದು ನಿಂತಮೇಲೂ ರೆಫರಿ ಯಾಕೆ ಎಣಿಸ್ತಾನೆ ಅಂತ ಒಬ್ಬ ಕೇಳಿದ, ನಾನು ಪೆಕರನ ಥರ ನಿಂತಿದ್ದೆ. ಬೇಗ ಎದ್ರೂ 8ರವರೆಗೆ ಎಣಿಸ್ಲೇಬೇಕು ಅನ್ನೋ ರೂಲ್ ಐತೆ, ಅಷ್ಟರಲ್ಲಿ ಅವ್ನ ಕಣ್ಣು ನೆಟ್ಟಗಿದಿಯಾ ಅಂತ ನೋಡೋಕೆ.

ನಂದೊಂದು ಫೇವರಿಟ್ ಪ್ರಶ್ನೆ ಐತೆ, 'ಕೊನೇಲಿ ಹೀರೋ ಸೋತಿದ್ರೆ ನಿಮ್ಗೆ ಓಕೆನಾ?' 1976ರ ಹಾಲಿವುಡ್ ಬಾಕ್ಸಿಂಗ್ ಪಿಕ್ಚರ್ 'ರಾಕಿ'ಲಿ ಹೀರೋ 15 ರೌಂಡ್ ನಿಂತು ಪಾಯಿಂಟ್ಸಲ್ಲಿ ಸೋಲ್ತಾನೆ, ಆದ್ರೂ ಬೆಸ್ಟ್ ಪಿಕ್ಚರ್ ಆಸ್ಕರ್ ಬಂತು. ಇದನ್ನ ಹೇಳಿ ಕೇಳಿದ್ರೆ ಹುಡುಗ್ರು 'ದುಡ್ಡು ವಾಪಸ್ ಕೊಡಿ ಗುರು' ಅಂತಾರೆ, ಒಬ್ರು ಅಕ್ಕ ಮಾತ್ರ 'ಸೋತ್ರೇನಪ್ಪಾ, ಅವ್ರಮ್ಮ ಊಟಕ್ಕಿಕ್ಕಲ್ವಾ' ಅಂದ್ರು. ಬೈದಿರೋದನ್ನೂ ಕಟ್ ಮಾಡ್ಬೇಡಿ. 2019ರ 'ಪೈಲ್ವಾನ್'ಲಿ ಸುದೀಪ್ ಕುಸ್ತಿಯಿಂದ ಬಾಕ್ಸಿಂಗಿಗೆ ಹೋಗಿದ್ದು ನಮ್ ಕಡೆ ಗರಡಿ ಹುಡುಗನಿಗೆ ಇವತ್ತಿಗೂ ಸಮಾಧಾನ ಇಲ್ಲ, ಅಂಥವ್ನು ಸಿಕ್ರೆ ಪೂರ್ತಿ ಹಾಕಿ.

ಮೊಬೈಲು ಬಾಯಿಂದ ಒಂದು ಗೇಣು ದೂರ, ರೋಡಿಗೆ ಬೆನ್ನು. ಮಕ್ಕಳ ಮುಖ ಅವ್ರಪ್ಪ ಅಮ್ಮನ್ನ ಕೇಳ್ದೆ ಹಾಕ್ಬೇಡಿ.

'ನಾಳೆಯಿಂದ 5 ಗಂಟೆಗೆ ರನ್ನಿಂಗು' ಅಂತ ಒಬ್ಬನಾದ್ರೂ ಹೇಳೇ ಹೇಳ್ತಾನೆ, ನಂಬರ್ ಇಸ್ಕೊಂಡು ವಾರ ಬಿಟ್ಟು ಫೋನ್ ಮಾಡಿ. ನಾನು ಇಬ್ರಿಗೆ ಮಾಡಿದ್ದೆ. ಒಬ್ಬ ಎರಡು ದಿನ ಓಡಿದ್ನಂತೆ, ಇನ್ನೊಬ್ಬ ಶೂ ತಗೊಂಡಿದ್ದ, ಅಷ್ಟೇ.