ಫ್ಲಾಸ್ಕಿನಲ್ಲಿ ಉಳಿದುಕೊಂಡಿದ್ದ ಮೈಕ್ರೋಗ್ಲಿಯಾ

ಪಿಎಚ್‌ಡಿಗೆ ಸೇರಿದಾಗ ನನ್ನ ತಲೆಯಲ್ಲಿ ಇದ್ದದ್ದು ಬರೀ ನ್ಯೂರಾನ್, ಅಂದರೆ ನರಕೋಶ. ಎಎಲ್‌ಎಸ್ ಕಾಯಿಲೆಯಲ್ಲಿ ಸ್ನಾಯುಗಳನ್ನು ಆಡಿಸುವ ಮೋಟಾರ್ ನ್ಯೂರಾನ್‌ಗಳು ಸಾಯುತ್ತಾ ಹೋಗುತ್ತವೆ. ನಮ್ಮ ದೊಡ್ಡಪ್ಪನಿಗೆ ಮೊದಲು ಅಂಗಿ ಗುಂಡಿ ಹಾಕಲು ಆಗಲಿಲ್ಲ, ಆಮೇಲೆ ನುಂಗಲು, ಕೊನೆಗೆ ಉಸಿರಾಡಲು. ಸಾಯುವುದು ನ್ಯೂರಾನ್ ತಾನೇ, ಅದನ್ನೇ ಓದಬೇಕು ಅಂದುಕೊಂಡಿದ್ದೆ. ಗೈಡ್ ಕೊಟ್ಟಿದ್ದು ಆಸ್ಟ್ರೋಸೈಟ್ ಬೆಳೆಸುವ ಕೆಲಸ. ಬೇಜಾರಾಯಿತು.

ಆಸ್ಟ್ರೋಸೈಟ್ ನ್ಯೂರಾನಿನ ಆರೈಕೆ ಮಾಡುವ ಕೋಶ, ಮೈಕ್ರೋಗ್ಲಿಯಾ ಮಿದುಳಿನ ಕಾವಲು ಕಾಯುವ ರೋಗನಿರೋಧಕ ಕೋಶ. ಎರಡೂ ಗ್ಲಿಯಾ ಗುಂಪಿನವು, ಅಂದರೆ ನ್ಯೂರಾನ್ ಅಲ್ಲದ ಮಿದುಳಿನ ಕೋಶಗಳು. 1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ಇವನ್ನು ನರಗಳ ನಡುವಿನ ಅಂಟು ಎಂದು ಕರೆದರು. ಆ ಹೆಸರೇ ಕೆಡಿಸಿತು ಅಂತ ನನಗನಿಸುತ್ತದೆ. ಅಂಟನ್ನು ಯಾರು ಅನುಮಾನಿಸುತ್ತಾರೆ? ಮಿದುಳಿನಲ್ಲಿ ಸುಮಾರು 8,600 ಕೋಟಿ ನ್ಯೂರಾನ್ ಇವೆ, ಉಳಿದ ಕೋಶಗಳೂ ಹೆಚ್ಚುಕಡಿಮೆ ಅಷ್ಟೇ ಇವೆ. 2007ರಲ್ಲಿ ಅಮೆರಿಕದ ಎರಡು ತಂಡಗಳು ಎಎಲ್‌ಎಸ್ ತರುವ ಹಾಗೆ ಎಸ್‌ಒಡಿ1 ಜೀನ್ ಕೆಟ್ಟಿದ್ದ ಆಸ್ಟ್ರೋಸೈಟ್‌ಗಳ ಜೊತೆ ಆರೋಗ್ಯವಾಗಿದ್ದ ಮೋಟಾರ್ ನ್ಯೂರಾನ್ ಬೆಳೆಸಿದವು. ನ್ಯೂರಾನ್‌ಗಳು ಸತ್ತವು. ಇದನ್ನು ಓದಿದ ಮೇಲೆ ನನ್ನ ಬೇಜಾರು ಹೋಯಿತು.

ಕೆಲಸ ಶುರುವಾಗುವುದು ಹುಟ್ಟಿ ಒಂದೆರಡು ದಿನವಾದ ಇಲಿ ಮರಿಯ ಮಿದುಳಿನಿಂದ. ಅದರ ಮೇಲಿನ ಪೊರೆ ಹಾಲಿನ ಕೆನೆಗಿಂತ ತೆಳು. ಸಣ್ಣ ಚಿಮುಟದಲ್ಲಿ ಪೂರ್ತಿ ಬಿಡಿಸಬೇಕು. ಚೂರು ಉಳಿದರೂ ಫ್ಲಾಸ್ಕ್ ತುಂಬಾ ಪೊರೆಯ ಕೋಶಗಳೇ ಬೆಳೆಯುತ್ತವೆ. ಹತ್ತು ದಿನ ಕಳೆದ ಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತಳದಲ್ಲಿ ಚಪ್ಪಡಿ ಹಾಸಿದ ಹಾಗೆ ಆಸ್ಟ್ರೋಸೈಟ್, ಅದರ ಮೇಲೆ ಮಿನುಗುವ ಸಣ್ಣ ಗುಂಡು ಕೋಶಗಳು. ಅವೇ ಮೈಕ್ರೋಗ್ಲಿಯಾ. ಮುಚ್ಚಳ ಬಿಗಿ ಮಾಡಿ, ರಾತ್ರಿಯಿಡೀ ಶೇಕರ್ ಮೇಲೆ ಇಟ್ಟರೆ ಅವು ಕಳಚಿ ಮೀಡಿಯಂನಲ್ಲಿ, ಅಂದರೆ ಕೋಶ ಬೆಳೆಸುವ ದ್ರವದಲ್ಲಿ, ತೇಲುತ್ತವೆ. 1980ರಿಂದ ಲ್ಯಾಬ್‌ಗಳಲ್ಲಿ ನಡೆದುಬಂದ ಪದ್ಧತಿ ಇದು.

ಹೀಗೆ ಸಿಕ್ಕ ಆಸ್ಟ್ರೋಸೈಟ್‌ಗಳಿಗೆ ಎಲ್‌ಪಿಎಸ್ ಹಾಕಿದೆ. ಅದು ಬ್ಯಾಕ್ಟೀರಿಯಾದ ಹೊರಗೋಡೆಯ ಚೂರು, ಉರಿಯೂತ ಎಬ್ಬಿಸುತ್ತದೆ. ಒಂದು ದಿನ ಬಿಟ್ಟು ಅವುಗಳ ಮೀಡಿಯಂ ತೆಗೆದು ಮೋಟಾರ್ ನ್ಯೂರಾನ್‌ಗಳ ಮೇಲೆ ಹಾಕಿದೆ. ಮೂರನೇ ದಿನಕ್ಕೆ ನ್ಯೂರಾನಿನ ಎಳೆಗಳು ಗಂಟು ಗಂಟಾಗಿ, ಹರಿದ ಮಣಿಸರದಂತೆ ತುಂಡಾಗಿದ್ದವು. ಬರೀ ಎಲ್‌ಪಿಎಸ್ ಹಾಕಿದ ತಟ್ಟೆಯಲ್ಲಿ ಹಾಗಾಗಿರಲಿಲ್ಲ. ಆಸ್ಟ್ರೋಸೈಟೇ ಕೊಲ್ಲುತ್ತಿದೆ ಅಂತ ಗ್ರಾಫ್ ಎಲ್ಲ ಮಾಡಿಟ್ಟೆ.

ಆದರೆ ಒಂದು ಬ್ಯಾಚಿನಲ್ಲಿ ಜಾಸ್ತಿ ಸಾಯುತ್ತಿದ್ದವು, ಇನ್ನೊಂದರಲ್ಲಿ ಏನೂ ಆಗುತ್ತಿರಲಿಲ್ಲ. ನಾಲ್ಕು ತಿಂಗಳು ಸೀರಂ ಬದಲಿಸಿದೆ, ಇನ್ಕ್ಯುಬೇಟರ್ ಬದಲಿಸಿದೆ. ಕೊನೆಗೆ ಸೀನಿಯರ್ ಒಬ್ಬರು ಕೇಳಿದರು: “ಐಬಿಎ1 ಸ್ಟೇನ್ ಮಾಡಿದ್ದೀಯಾ?” ಅದು ಮೈಕ್ರೋಗ್ಲಿಯಾಗೆ ಬಣ್ಣ ಹಚ್ಚಿ ತೋರಿಸುವ ಸ್ಟೇನ್. ಮಾಡಿರಲಿಲ್ಲ. ಆಸ್ಟ್ರೋಸೈಟ್ ತೋರಿಸುವ ಜಿಎಫ್‌ಎಪಿ ಸ್ಟೇನ್ ಮಾತ್ರ ಮಾಡುತ್ತಿದ್ದೆ. ಹುಡುಕದೇ ಇದ್ದದ್ದು ಕಾಣುವುದಾದರೂ ಹೇಗೆ, ಅಲ್ವಾ? ಅವತ್ತು ಸಂಜೆ ಕತ್ತಲೆ ಕೋಣೆಯಲ್ಲಿ ಕೂತು ನೋಡಿದೆ. ಹಸಿರು ಆಸ್ಟ್ರೋಸೈಟ್‌ಗಳ ನಡುವೆ, ಕೆಲವು ಕಡೆ ಅವುಗಳ ಅಡಿಯಲ್ಲೂ, ಕೆಂಪು ಕೋಶಗಳು. ನೂರಕ್ಕೆ ಐದಾರು. ಶೇಕರ್ ಎಷ್ಟು ಅಲ್ಲಾಡಿಸಿದರೂ ಅವು ಹೋಗಿರಲಿಲ್ಲ.

ಮುಂದಿನ ಬ್ಯಾಚಿಗೆ ಎರಡು ಸಲ ಶೇಕ್ ಮಾಡಿ, ಲ್ಯೂಸಿನ್ ಮೀಥೈಲ್ ಎಸ್ಟರ್ ಹಾಕಿದೆ. ಅದನ್ನು ಒಳಗೆ ಎಳೆದುಕೊಂಡ ಮೈಕ್ರೋಗ್ಲಿಯಾ ಸಾಯುತ್ತವೆ. ಆಮೇಲೆ ಎಲ್‌ಪಿಎಸ್ ಕೊಟ್ಟರೆ ಆಸ್ಟ್ರೋಸೈಟ್ ಸುಮ್ನೆ ಇದ್ದವು. ನ್ಯೂರಾನ್‌ಗಳೂ ಬದುಕಿದವು. ಬೇರೆ ತಟ್ಟೆಯಲ್ಲಿ ಬರೀ ಮೈಕ್ರೋಗ್ಲಿಯಾಗೆ ಎಲ್‌ಪಿಎಸ್ ಕೊಟ್ಟು, ಅವುಗಳ ಮೀಡಿಯಂ ಅನ್ನು ಇದೇ ಆಸ್ಟ್ರೋಸೈಟ್‌ಗಳಿಗೆ ಹಾಕಿದೆ. ಮಾರನೆಯ ದಿನ ತೊಳೆದು ಹೊಸ ಮೀಡಿಯಂ ತುಂಬಿದೆ. ಆ ಹೊಸ ಮೀಡಿಯಂ ತಗುಲಿದ ನ್ಯೂರಾನ್‌ಗಳು ಸತ್ತವು. ಕೊಂದದ್ದು ಆಸ್ಟ್ರೋಸೈಟೇ. ಆದರೆ ಅದನ್ನು ಎಬ್ಬಿಸಿದ್ದು ಮೈಕ್ರೋಗ್ಲಿಯಾ.

2017ರಲ್ಲಿ ಸ್ಟ್ಯಾನ್‌ಫರ್ಡಿನ ಬೆನ್ ಬ್ಯಾರಸ್ ಅವರ ತಂಡ ಇದನ್ನೇ ತೋರಿಸಿತ್ತು. ಮೈಕ್ರೋಗ್ಲಿಯಾ ಬಿಡುವ ಐಎಲ್‌-1 ಆಲ್ಫಾ, ಟಿಎನ್‌ಎಫ್, ಸಿ1ಕ್ಯು ಎಂಬ ಮೂರೂ ಪ್ರೋಟೀನ್ ಸೇರಿದರೆ ಆಸ್ಟ್ರೋಸೈಟ್ ನ್ಯೂರಾನಿನ ಆರೈಕೆ ಬಿಟ್ಟು ಅದನ್ನೇ ಕೊಲ್ಲತೊಡಗುತ್ತದೆ. ಆ ಪೇಪರನ್ನು ನಾನು ಮೊದಲೇ ಓದಿದ್ದೆ. ಅವರು ಶೇಕರ್ ಬಿಟ್ಟು, ಆಂಟಿಬಾಡಿ ಬಳಿದ ತಟ್ಟೆಯಲ್ಲಿ ಆಸ್ಟ್ರೋಸೈಟ್‌ಗಳನ್ನು ಹೆಕ್ಕಿ ತೆಗೆದದ್ದು ಯಾಕೆ ಅಂತ ಈಗ ಅರ್ಥವಾಯಿತು.

ಈಗ ಪ್ರತಿ ಬ್ಯಾಚಿನಿಂದ ಒಂದು ಕವರ್‌ಸ್ಲಿಪ್ (ಕೋಶ ಬೆಳೆದ ತೆಳು ಗಾಜಿನ ಚೂರು) ತೆಗೆದಿಟ್ಟು ಮೊದಲು ಐಬಿಎ1 ಸ್ಟೇನ್ ಮಾಡುತ್ತೇನೆ. ನೂರಕ್ಕೆ ಒಂದಕ್ಕಿಂತ ಜಾಸ್ತಿ ಕೆಂಪು ಕಂಡರೆ ಆ ಬ್ಯಾಚಿನಲ್ಲಿ ಪ್ರಯೋಗ ಮಾಡುವುದಿಲ್ಲ.