ಗೊಣ್ಣೆ ಹುಳುವಿಗೆ ನೆಮಟೋಡ್ ಬಿಡುವುದು ಹೇಗೆ?

ಕುಷ್ಟಗಿ, ಯಲಬುರ್ಗಾ ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಶೇಂಗಾ ಗಿಡ ಅಲ್ಲಲ್ಲಿ ಬಾಡಿದ್ದರೆ ಕಿತ್ತು ನೋಡಿ. ಬೇರು ಕಡಿದುಹೋಗಿದ್ದು, ಮಣ್ಣಲ್ಲಿ ಬೆಳ್ಳಗೆ ಮುರುಟಿಕೊಂಡ ಹುಳು ಸಿಕ್ಕರೆ ಅದು ಗೊಣ್ಣೆ ಹುಳು. ಅದನ್ನು ಮಣ್ಣೊಳಗೇ ಹುಡುಕಿ ಕೊಲ್ಲುವ ನೆಮಟೋಡ್ ಎಂಬ ಎಳೆಯಂಥ ಅತಿ ಸಣ್ಣ ಹುಳುಗಳಿವೆ.

ನೆಮಟೋಡ್ ಅಂದರೆ ದಾಳಿಂಬೆ ಬೆಳೆಗಾರರಿಗೆ ಭಯ. ಅವರನ್ನು ಕಾಡುವುದು ಬೇರು ಗಂಟಿನ ನೆಮಟೋಡ್. ಗೊಣ್ಣೆ ಹುಳು ಕೊಲ್ಲುವ ನೆಮಟೋಡ್ ಬೇರೆಯೇ ಜಾತಿ, ಬೆಳೆಯ ಬೇರು ಮುಟ್ಟುವುದಿಲ್ಲ. ಅರ್ಧ ಮಿಲಿಮೀಟರ್ ಉದ್ದದ ಈ ಜೀವಿ ಹುಳುವಿನ ಬಾಯಿ, ಉಸಿರಾಟದ ರಂಧ್ರಗಳಿಂದ ಒಳಹೊಕ್ಕು ತನ್ನಲ್ಲಿರುವ ಬ್ಯಾಕ್ಟೀರಿಯಾ ಬಿಡುತ್ತದೆ. ಒಂದೆರಡು ದಿನದಲ್ಲಿ ಹುಳು ಸಾಯುತ್ತದೆ. ನಮ್ಮ ಬಿಸಿಲಿನ ಸೀಮೆಗೆ ಹೆಟೆರೊರಾಬ್ಡೈಟಿಸ್ ಇಂಡಿಕಾ ಜಾತಿಯನ್ನೇ ಕೇಳಿ ಕೊಳ್ಳಿ. ಇದನ್ನು ಜೀವಂತವಾಗಿ ಸೇರಿಸಿದ ಪುಡಿಯನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಅಭಿವೃದ್ಧಿಪಡಿಸಿದೆ.

ಮುಂಗಾರಿನ ಮೊದಲ ಮಳೆಗೆ ಗೊಣ್ಣೆ ಹುಳು ಬೆಳೆದು ಆದ ದುಂಬಿಗಳು ಎದ್ದು ಸಂಜೆ ಬೇವಿನ ಮರಕ್ಕೆ ಮುತ್ತುತ್ತವೆ, ಆಮೇಲೆ ಮಣ್ಣಲ್ಲಿ ಮೊಟ್ಟೆ ಇಡುತ್ತವೆ. ಮರಿಹುಳು ಚಿಕ್ಕದಿರುವಾಗಲೇ ನೆಮಟೋಡ್ ಬಿಡಬೇಕು. ಬಲಿತ ಮೇಲೆ ಕಷ್ಟ.

ಪೊಟ್ಟಣದ ಅವಧಿ ನೋಡಿ, ತಂಪಲ್ಲಿಡಿ. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟರೆ ದುಡ್ಡು ಹೋದಂತೆ. ಒಂದು ಚಿಟಿಕೆಯನ್ನು ನೀರಿಗೆ ಹಾಕಿ ಭೂತಗನ್ನಡಿಯಲ್ಲಿ ನೋಡಿ. ನೆಮಟೋಡ್‌ಗಳು ಹೊರಳಾಡುತ್ತಿದ್ದರೆ ಜೀವ ಇದೆ. ಎಕರೆಗೆ ಸುಮಾರು 100 ಕೋಟಿ ನೆಮಟೋಡ್ ಬೇಕು. ಎಷ್ಟು ಕೆಜಿ ಎಂಬುದು ಪೊಟ್ಟಣದ ಮೇಲಿರುತ್ತದೆ.

ಎಲ್ಲಕ್ಕಿಂತ ಮುಖ್ಯ ತೇವ. ನೆಮಟೋಡ್ ಓಡಾಡುವುದು ಮಣ್ಣಿನ ಕಣಗಳ ನಡುವಿನ ನೀರಿನ ಪೊರೆಯಲ್ಲಿ. ಒಣ ಮಣ್ಣಿಗೆ ಹಾಕಿದರೆ ಸುಮ್ನೆ ಸಾಯುತ್ತದೆ, ಬಿಸಿಲು ತಾಗಿದರಂತೂ ನಿಮಿಷಗಳಲ್ಲೇ. ಹಾಗಾಗಿ ಮೊದಲು ಹೊಲಕ್ಕೆ ನೀರು ಕೊಡಿ. ಹೊತ್ತು ಮುಳುಗುವಾಗ ಪುಡಿಯನ್ನು ನೀರಲ್ಲಿ ಕಲಸಿ, ಪಂಪಿನ ಸಣ್ಣ ಜರಡಿ ತೆಗೆದು, ಗಿಡದ ಬುಡಕ್ಕೇ ಬಿಡಿ. ನೆಮಟೋಡ್ ತಳಕ್ಕೆ ಇಳಿಯುತ್ತದೆ, ಆಗಾಗ ಕಲಕುತ್ತಿರಿ. ಕಲಸಿದ್ದನ್ನು ಅದೇ ಸಂಜೆ ಮುಗಿಸಿ. ಮುಗಿದ ಕೂಡಲೇ ಮತ್ತೆ ತೆಳುವಾಗಿ ನೀರು ಹಾಯಿಸಿ, ವಾರ ಎರಡು ವಾರ ಮಣ್ಣು ಒಣಗದಂತೆ ನೋಡಿಕೊಳ್ಳಿ. ನೀರು ನಿಲ್ಲುವುದೂ ಬೇಡ, ಅದಕ್ಕೂ ಗಾಳಿ ಬೇಕಲ್ವಾ? ಬಿಗಿಯಾದ ಎರೆ ಮಣ್ಣಿನಲ್ಲಿ ಅದರ ಓಡಾಟ ಕಡಿಮೆ, ಅಲ್ಲಿ ಮಸಾರಿಯಷ್ಟು ಫಲ ನಿರೀಕ್ಷಿಸಬೇಡಿ.

ಕೀಟನಾಶಕ, ರಸಗೊಬ್ಬರ ಇದರ ಜೊತೆ ಬೆರೆಸಬೇಡಿ. ಅರೆಕೊಳೆತ ತಿಪ್ಪೆ ಗೊಬ್ಬರ ಹಾಕಿದರೆ ಗೊಣ್ಣೆ ಹುಳು ಜಾಸ್ತಿಯಾಗುತ್ತದೆ. ದನಕರು, ಎರೆಹುಳುಗಳಿಗೆ ಈ ನೆಮಟೋಡ್‌ನಿಂದ ತೊಂದರೆಯಿಲ್ಲ.

ವಾರದ ನಂತರ ಬುಡ ಕೆದಕಿ. ಇಟ್ಟಿಗೆ ಬಣ್ಣಕ್ಕೆ ತಿರುಗಿ ಸತ್ತ ಹುಳು ಸಿಕ್ಕರೆ ಕೆಲಸ ಆಗಿದೆ. ಅದನ್ನು ಎಸೆಯದೆ ಅಲ್ಲೇ ಮಣ್ಣು ಮುಚ್ಚಿ. ಅದರೊಳಗಿಂದ ಸಾವಿರಾರು ಹೊಸ ನೆಮಟೋಡ್‌ಗಳು ಹೊರಬಂದು ಮುಂದಿನ ಹುಳು ಹುಡುಕುತ್ತವೆ.