ಸ್ಟ್ರ್ಯಾಟ್ ಮಾದರಿ ಗಿಟಾರ್‌ಗೆ ಹೊಸ ಪಿಕಪ್: ಕೊಳ್ಳುವ ಮೊದಲು ಅಳೆಯಬೇಕಾದದ್ದು

ಸ್ಟ್ರ್ಯಾಟ್, ಅಂದರೆ ಫೆಂಡರ್‌ನ ಸ್ಟ್ರ್ಯಾಟೋಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್‌ನ ದನಿ ಹಿಡಿಸದಿದ್ದರೆ ಎಲ್ಲರ ಕಣ್ಣೂ ಮೊದಲು ಬೀಳುವುದು ಪಿಕಪ್ ಮೇಲೆ: ತಂತಿಯ ಅಲುಗಾಟವನ್ನು ಹಿಡಿದು ವರ್ಧಕಕ್ಕೆ (ಆಂಪ್) ಕಳಿಸುವ, ಆಯಸ್ಕಾಂತದ ಸುತ್ತ ವೈರ್ ಸುತ್ತಿದ ಭಾಗ ಅದು. ಅದನ್ನು ಬದಲಿಸಿದರೆ ದನಿ ಬದಲಾಗುವುದೂ ನಿಜ. ಆದರೆ ಶ್ರುತಿ ನಿಲ್ಲದಿರುವುದು, ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ತಂತಿ ತಾಗಿ ಗರಗರ ಎನ್ನುವುದು, ಸ್ವರ ಬೇಗ ಆರಿಹೋಗುವುದು ನಟ್ (ತಲೆಯ ಕಡೆ ತಂತಿ ಕೂರುವ ಪಟ್ಟಿ), ಫ್ರೆಟ್, ಬ್ರಿಡ್ಜ್‌ಗಳ (ದೇಹದ ಮೇಲೆ ತಂತಿ ಕೂರುವ ಭಾಗ) ಕಾಯಿಲೆ. ಅದಕ್ಕೆ ಎಂಥ ದುಬಾರಿ ಪಿಕಪ್ ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ದನಿ ಮಂಕಾಗಿದೆ ಅಥವಾ ಕಿವಿ ಕೊರೆಯುತ್ತದೆ ಅನ್ನುವವರು ಮೊದಲು ವಾಲ್ಯೂಮ್ ಪಾಟ್‌ನ (ದನಿ ಏರಿಳಿಸುವ ಗುಂಡಿಯ ಕೆಳಗಿನ ಬಿಡಿಭಾಗ) ರೆಸಿಸ್ಟೆನ್ಸ್ ಎಷ್ಟೆಂದು ನೋಡಿ. ಪಾಟ್‌ನ ಬೆನ್ನಿನ ಮೇಲೋ ಅಂಚಿನಲ್ಲೋ ಅಚ್ಚಾಗಿರುತ್ತದೆ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ 250ಕೆ (ಕಿಲೋ ಓಮ್), ಗುಂಯ್ ಅಡಗಿಸಲು ಎರಡು ಸುರುಳಿ ಜೋಡಿಸಿದ ಹಂಬಕರ್‌ಗೆ 500ಕೆ ರೂಢಿ. ಹಂಬಕರ್ ಇರುವ ಗಿಟಾರ್‌ಗೆ 250ಕೆ ಪಾಟ್ ಕೂತಿದ್ದರೆ ಮೇಲಿನ ಸ್ವರಗಳ ಹೊಳಪು ಅಲ್ಲೇ ಸೋರಿಹೋಗುತ್ತದೆ. ಅದನ್ನು 500ಕೆ ಮಾಡಿದರೆ ಕೆಲವರಿಗೆ ಅಷ್ಟೇ ಸಾಕಾಗುತ್ತದೆ. ಪಾಟ್ ಕೊಳ್ಳುವಾಗ ದಂಡದ ದಪ್ಪವನ್ನೂ ಅಳೆಯಿರಿ. ಸಿಟಿಎಸ್ ಕಂಪನಿಯ ಪಾಟ್‌ಗಳಿಗೆ ಸುಮಾರು 9.5 ಮಿ.ಮೀ. ರಂಧ್ರ ಬೇಕು. ಅಗ್ಗದ ಗಿಟಾರ್‌ಗಳ ಸಣ್ಣ ಪಾಟ್‌ಗಳ ರಂಧ್ರ 7 ಮಿ.ಮೀ. ಆಸುಪಾಸಿನದು.

ಗುಂಯ್‌ಗುಡುವ ಸದ್ದು ತಡೆಯಲಾಗದೆ ಪಿಕಪ್ ಬದಲಿಸಬೇಕೆಂದಿದ್ದರೆ, ಅದು ಯಾವ ಸದ್ದು ಎಂದು ಮೊದಲು ಪತ್ತೆ ಮಾಡಿ. ತಂತಿಗಳ ಮೇಲೆ ಕೈಯಿಟ್ಟ ಕೂಡಲೇ ಜಿರ್ ಸದ್ದು ನಿಂತರೆ ಅದು ಶೀಲ್ಡಿಂಗ್‌ನ (ಹೊರಗಿನ ಸದ್ದು ತಡೆಯುವ ಲೋಹದ ಹೊದಿಕೆಯ) ಸಮಸ್ಯೆ. ಪಿಕಪ್ ಕೂರುವ ಮರದ ಕುಳಿಯ ಒಳಮೈಗೆ ತಾಮ್ರದ ಟೇಪ್ ಅಂಟಿಸಿ, ಅದನ್ನು ಗ್ರೌಂಡ್‌ಗೆ ಬೆಸೆದರೆ ಬಹುಪಾಲು ಹೋಗುತ್ತದೆ. ಕೈಯಿಟ್ಟರೂ ನಿಲ್ಲದೆ, ಗಿಟಾರ್ ಹಿಡಿದು ಕೂತಲ್ಲೇ ಸುತ್ತಿದರೆ ಏರಿಳಿಯುವ ದಪ್ಪ ಗುಂಯ್ ಬೇರೆ. ಅದು ಟ್ರಾನ್ಸ್‌ಫಾರ್ಮರ್, ಅಡಾಪ್ಟರ್‌ಗಳ ಕಾಂತಕ್ಷೇತ್ರವನ್ನು ಕಾಯಿಲ್ ಹಿಡಿಯುವುದರಿಂದ ಬರುತ್ತದೆ. ನಮ್ಮ ದೇಶದಲ್ಲಿ 50 ಹರ್ಟ್ಸ್ ಮತ್ತು ಅದರ ಗುಣಕಗಳಲ್ಲಿ. ತಾಮ್ರದ ಟೇಪ್ ಅದನ್ನು ತಡೆಯುವುದಿಲ್ಲ. ಹಂಬಕರ್ ಅಥವಾ ಸಿಂಗಲ್ ಕಾಯಿಲ್ ಅಳತೆಯಲ್ಲೇ ಬರುವ ಎರಡು ಕಾಯಿಲ್‌ನ ಪಿಕಪ್ ಮಾತ್ರ ಮದ್ದು. ಇನ್ನು ತಂತಿ ಮುಟ್ಟಿದಾಗ ಚುರುಕ್ ಎಂದು ಕರೆಂಟ್ ಹೊಡೆದರೆ ಗಿಟಾರ್ ಬಿಚ್ಚಬೇಡಿ. ಆಂಪ್ ಆಫ್ ಮಾಡಿ, ಗೋಡೆಯ ಸಾಕೆಟ್‌ನ ಅರ್ತಿಂಗ್ ನೋಡಿಸಿ.

ಇಷ್ಟಾದ ಮೇಲೂ ಪಿಕಪ್ಪೇ ಬೇಕು ಎಂದಾದರೆ ಅಂಕಿಗಳಿಗೆ ಬರೋಣ. ಇಲ್ಲೇ ಹೆಚ್ಚು ಜನ ದಾರಿ ತಪ್ಪುವುದು.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕಾಣುವುದು ಡಿಸಿ ರೆಸಿಸ್ಟೆನ್ಸ್, ಅಂದರೆ ಸುತ್ತಿದ ವೈರ್ ಕರೆಂಟ್‌ಗೆ ಒಡ್ಡುವ ತಡೆ. ಹಳೆಯ ಮಾದರಿಯ ಸ್ಟ್ರ್ಯಾಟ್ ಪಿಕಪ್ 5.5ರಿಂದ 6.5 ಕಿಲೋ ಓಮ್, 1950ರ ದಶಕದ ಕೊನೆಯ ಗಿಬ್ಸನ್ ಹಂಬಕರ್‌ಗಳ ಮಾದರಿಯದು 7.5ರಿಂದ 8.5 ಇರುತ್ತದೆ. ಒಂದೇ ಬಗೆಯ, ಒಂದೇ ವೈರಿನ ಎರಡು ಪಿಕಪ್‌ಗಳಲ್ಲಿ ಅಂಕಿ ದೊಡ್ಡದಿದ್ದರೆ ಸುತ್ತು ಹೆಚ್ಚು, ದನಿ ಜೋರು. ಬೇರೆ ಬೇರೆ ಬಗೆಯವನ್ನು ಈ ಅಂಕಿಯಿಂದ ಹೋಲಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಸುತ್ತುವ ವೈರ್ 42 ಗೇಜ್ ಬದಲು ಇನ್ನೂ ತೆಳುವಾದ 43 ಆದರೆ, ಅಷ್ಟೇ ಸುತ್ತಿಗೆ ರೆಸಿಸ್ಟೆನ್ಸ್ ಸುಮಾರು ಕಾಲು ಭಾಗ ಏರುತ್ತದೆ. ದನಿಯೇನೂ ಕಾಲು ಭಾಗ ಜೋರಾಗುವುದಿಲ್ಲ. ಸೀಮೋರ್ ಡಂಕನ್ ಕಂಪನಿಯ ಜೆಬಿ ಹಂಬಕರ್ 16 ಕಿಲೋ ಓಮ್ ದಾಟುತ್ತದೆ, ಡಿಮಾರ್ಜಿಯೋ ಕಂಪನಿಯ ಸೂಪರ್ ಡಿಸ್ಟಾರ್ಷನ್ ಹಂಬಕರ್ 14ರೊಳಗೇ ಇದೆ. ನುಡಿಸಿ ನೋಡಿದರೆ ಎರಡನೆಯದು ಜೋರಿನಲ್ಲಿ ಹಿಂದೆ ಬೀಳುವುದೇ ಇಲ್ಲ, ಏಕೆಂದರೆ ಅದರ ವೈರ್ ಬೇರೆ, ಒಳಗಿರುವುದು ಸೆರಾಮಿಕ್ ಆಯಸ್ಕಾಂತ. ತಾಮ್ರದ ರೆಸಿಸ್ಟೆನ್ಸ್ ಬಿಸಿಲಿಗೂ ಏರುತ್ತದೆ: 20 ಡಿಗ್ರಿಯಲ್ಲಿ 8.0 ತೋರಿಸಿದ ಪಿಕಪ್ 30 ಡಿಗ್ರಿಯಲ್ಲಿ 8.3 ತೋರಿಸುತ್ತದೆ. ದಶಮಾಂಶ ಹಿಡಿದು ಜಗ್ಗಾಡುವುದು ವ್ಯರ್ಥ.

ದನಿಯ ಗುಣ ತಿಳಿಯಲು ಇಂಡಕ್ಟನ್ಸ್ (ಕರೆಂಟ್ ಬದಲಾಗುವುದಕ್ಕೆ ಕಾಯಿಲ್ ಒಡ್ಡುವ ತಡೆ) ಕೊಟ್ಟಿದ್ದಾರೆಯೇ ನೋಡಿ. ಅದು ಹೆನ್ರಿಗಳಲ್ಲಿರುತ್ತದೆ. ಪಿಕಪ್‌ನ ಇಂಡಕ್ಟನ್ಸ್ ಮತ್ತು ಕೇಬಲ್‌ನ ಕೆಪ್ಯಾಸಿಟನ್ಸ್ (ವಿದ್ಯುತ್ ಕೂಡಿಡುವ ಗುಣ) ಸೇರಿ ಒಂದು ಆವರ್ತನದಲ್ಲಿ ದನಿ ಉಬ್ಬುತ್ತದೆ, ಅದರಾಚೆ ಇಳಿಜಾರು. ಸಾಧಾರಣ ಕೇಬಲ್ ಮೀಟರ್‌ಗೆ 100 ಪಿಕೋಫ್ಯಾರಡ್ ಆಸುಪಾಸು; 5 ಮೀಟರ್ ಕೇಬಲ್ ಮತ್ತು ಪಿಕಪ್‌ನ ಸ್ವಂತದ್ದು ಸೇರಿ 600 ಎಂದಿಟ್ಟುಕೊಳ್ಳಿ. ಆಗ 2.4 ಹೆನ್ರಿಯ ಸ್ಟ್ರ್ಯಾಟ್ ಪಿಕಪ್‌ನ ಉಬ್ಬು 4,200 ಹರ್ಟ್ಸ್ ಹತ್ತಿರ, 4.4 ಹೆನ್ರಿಯ ಹಂಬಕರ್‌ನದು 3,100, ಎಂಟು ಹೆನ್ರಿಯ ಜೋರು ಹಂಬಕರ್‌ನದು 2,300. ಸ್ಟ್ರ್ಯಾಟ್‌ನ ಗಾಜಿನಂಥ ಹೊಳಪು, ಜೋರು ಹಂಬಕರ್‌ನ ಗಟ್ಟಿ ಮಧ್ಯ ಎರಡೂ ಬರುವುದು ಇಲ್ಲಿಂದಲೇ. ಉದ್ದ ಕೇಬಲ್‌ಗೆ ದನಿ ಮಬ್ಬಾಗುವುದೂ ಇದೇ ಲೆಕ್ಕ. ಹೊಳಪೂ ಬೇಕು, ಡಿಸ್ಟಾರ್ಷನ್‌ಗೆ ಜೋರೂ ಬೇಕು ಅನ್ನುವವರು ಹದವಾದ ಪಿಕಪ್ ಕೊಂಡು ಪೆಡಲ್‌ನಲ್ಲಿ (ಕಾಲಡಿಯ ಎಫೆಕ್ಟ್ ಪೆಟ್ಟಿಗೆ) ಗೇನ್, ಅಂದರೆ ವರ್ಧನೆ, ಏರಿಸುವುದೇ ಮೇಲು. ಇಲ್ಲದ ಜೋರನ್ನು ಪೆಡಲ್ ಕೊಡುತ್ತದೆ, ಕಳೆದ ಹೊಳಪನ್ನು ತಂದುಕೊಡುವುದು ಕಷ್ಟ.

ಆಯಸ್ಕಾಂತದ ವಿಷಯ ಚಿಕ್ಕದು. ಆಲ್ನಿಕೊ (ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಲೋಹ) 2ರ ದನಿ ಮೆತ್ತಗೆ, ಆಲ್ನಿಕೊ 5 ಚುರುಕು, ಸೆರಾಮಿಕ್ ಎಲ್ಲಕ್ಕಿಂತ ಬಿಗಿ. ಸೆರಾಮಿಕ್ ಎಂದರೆ ಕಳಪೆ ಎಂಬ ಮಾತು ಬಂದಿದ್ದು ಅಗ್ಗದ ಸ್ಟ್ರ್ಯಾಟ್‌ಗಳಿಂದ. ಅವುಗಳಲ್ಲಿ ಉಕ್ಕಿನ ಕಡ್ಡಿಗಳ ಕೆಳಗೆ ಸೆರಾಮಿಕ್ ಪಟ್ಟಿ ಅಂಟಿಸಿರುತ್ತಾರೆ, ಉಕ್ಕು ಇಂಡಕ್ಟನ್ಸ್ ಏರಿಸಿ ದನಿ ಬದಲಿಸುತ್ತದೆ. ಇಎಂಜಿ 81ರಂಥ ಆ್ಯಕ್ಟಿವ್ (ಒಳಗೇ ಪುಟ್ಟ ವರ್ಧಕವಿರುವ) ಪಿಕಪ್‌ಗೆ 9 ವೋಲ್ಟ್ ಬ್ಯಾಟರಿಗೆ ಜಾಗ, ಸ್ಟೀರಿಯೋ ಜ್ಯಾಕ್, 25ಕೆ ಪಾಟ್ ಬೇಕು. ಒಂದನ್ನು ಮಾತ್ರ ಆ್ಯಕ್ಟಿವ್ ಮಾಡುವ ಗೋಜಿಗೆ ಹೋಗಬೇಡಿ.

ದುಡ್ಡು ಕೊಡುವ ಮೊದಲು ಅಳೆಯಿರಿ. ಬ್ರಿಡ್ಜ್ ಪಿಕಪ್‌ನ ನೆತ್ತಿಯ ಮೇಲೆ ದಪ್ಪ ತಂತಿಯ ನಡುವಿನಿಂದ ಸಣ್ಣ ತಂತಿಯ ನಡುವಿನವರೆಗೆ 52–53 ಮಿ.ಮೀ. ಇದ್ದರೆ ಅಗಲ ಅಂತರದ ಹಂಬಕರ್ ಕೇಳಿ. 49–50 ಇದ್ದರೆ ಮಾಮೂಲಿಯದು. ಆಮೇಲೆ ತಂತಿ ತೆಗೆದು, ಪಿಕ್‌ಗಾರ್ಡ್ (ಪಿಕಪ್‌ಗಳನ್ನು ಹೊತ್ತ ಮುಂಭಾಗದ ಹಲಗೆ) ಬಿಚ್ಚಿ, ಕುಳಿಯ ಆಳಕ್ಕೆ ಸ್ಕೇಲ್ ಇಳಿಸಿ ನೋಡಿ. ತೆಳು ದೇಹದ ಗಿಟಾರ್‌ಗಳಲ್ಲಿ ಉದ್ದ ಕಾಲಿನ ಹಂಬಕರ್ ತಳಕ್ಕೆ ತಾಗಿ ಮೇಲೆಯೇ ನಿಂತುಬಿಡುತ್ತದೆ. ಮೂರು ಸಿಂಗಲ್ ಕಾಯಿಲ್‌ನ ಗಿಟಾರ್‌ಗೆ ಹಂಬಕರ್ ಬೇಕೆಂದರೆ ಪಿಕ್‌ಗಾರ್ಡ್‌ನ ಜತೆ ಮರದ ಕುಳಿಯೂ ಅಗಲವಿರಬೇಕು, ಇಲ್ಲದಿದ್ದರೆ ಸಿಂಗಲ್ ಅಳತೆಯ ಹಂಬಕರ್ ಸಾಕು. ಪ್ಲಾಸ್ಟಿಕ್ ಮುಚ್ಚಳವನ್ನು ಪಿಕಪ್ ಜತೆಗೇ ಕೊಳ್ಳಿ. ಅಗ್ಗದ ಗಿಟಾರ್‌ಗಳ ಮುಚ್ಚಳದ ರಂಧ್ರಗಳ ಅಂತರ ಬೇರೆ ಇರುವುದುಂಟು, ಹೊಸದರ ಕಡ್ಡಿ ಅದರಲ್ಲಿ ಇಳಿಯುವುದಿಲ್ಲ.

ಒಂದನ್ನು ಮಾತ್ರ ಬದಲಿಸುವಾಗ ಕಾಡುವ ತೊಂದರೆ ಫೇಸ್‌ನದು, ಅಂದರೆ ಎರಡು ಪಿಕಪ್‌ಗಳ ಸಂಕೇತ ಒಟ್ಟಿಗೇ ಏರಿಳಿಯುತ್ತದೆಯೇ ಎಂಬುದು. ಹೊಸದು, ಹಳೆಯದು ಎರಡನ್ನೂ ಒಟ್ಟಿಗೆ ಆರಿಸಿದಾಗ ದನಿ ತೆಳ್ಳಗಾಗಿ, ಬೇಸ್ ಮಾಯವಾದರೆ ಅವು ಎದುರು ಬದುರು ಇವೆ ಎಂದರ್ಥ. ಬೆಸುಗೆಗೆ ಮೊದಲೇ ನೋಡಬಹುದು. ಮಲ್ಟಿಮೀಟರ್ ಅನ್ನು 20 ಕಿಲೋ ಓಮ್‌ಗೆ ಇಟ್ಟು ಮೀಟರ್‌ನ ಕೆಂಪು ಕಡ್ಡಿ ಹಾಟ್ ವೈರ್‌ಗೆ (ದನಿ ಒಯ್ಯುವುದು), ಕಪ್ಪು ಗ್ರೌಂಡ್‌ಗೆ ಹಿಡಿಯಿರಿ. ಉಕ್ಕಿನ ಸ್ಕ್ರೂಡ್ರೈವರ್ ತಂದು ಪಿಕಪ್‌ನ ನೆತ್ತಿಯಲ್ಲಿ ಕಾಣುವ ಲೋಹದ ಕಡ್ಡಿಯ ಮೇಲೆ ಥಟ್ಟನೆ ಇಡಿ. ಅಂಕಿ ಕ್ಷಣಮಾತ್ರ ಏರುತ್ತದೆ ಅಥವಾ ಇಳಿಯುತ್ತದೆ. ಹಳೆಯ ಪಿಕಪ್‌ನಲ್ಲೂ ಹಾಗೇ ಮಾಡಿ, ಎರಡೂ ಒಂದೇ ಕಡೆ ಹೋಗಬೇಕು. ಮುಳ್ಳಿನ ಮೀಟರ್ ಇದ್ದರೆ ಇನ್ನೂ ಸಲೀಸು. ಎದುರಾದರೆ ಸ್ಟ್ರ್ಯಾಟ್ ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿದರಾಯಿತು. ಲೋಹದ ಮುಚ್ಚಳವೋ ಜಾಲರಿ ಹೊದಿಕೆಯೋ ಗ್ರೌಂಡ್ ವೈರ್‌ಗೇ ಸೇರಿದ್ದರೆ ಹಾಗೆ ಮಾಡಬೇಡಿ, ಮುಚ್ಚಳ ಹಾಟ್ ಆಗಿ ಮುಟ್ಟಿದಾಗಲೆಲ್ಲ ಜಿರ್ ಎನ್ನುತ್ತದೆ. ನಡುವಿನ ಪಿಕಪ್ ಸೆಲೆಕ್ಟರ್ ಸ್ವಿಚ್‌ನ 2 ಮತ್ತು 4ನೆಯ ಸ್ಥಾನದಲ್ಲಿ (ಪಕ್ಕದ ಪಿಕಪ್ ಜತೆ ನುಡಿಯುವಾಗ) ಗುಂಯ್ ಅಡಗಿಸಬೇಕಿದ್ದರೆ ಅದರ ಆಯಸ್ಕಾಂತವೂ ಸುತ್ತೂ ಉಳಿದೆರಡಕ್ಕೆ ತಿರುಗುಮುರುಗು ಇರಬೇಕು. ಮುಖಕ್ಕೆ ಮುಖ ಹಿಡಿದರೆ ಅದು ಮಿಕ್ಕವನ್ನು ಎಳೆಯುತ್ತದೆ. ತಳ್ಳಿದರೆ ಬಲವಂತವಾಗಿ ಒತ್ತಬೇಡಿ, ಆಲ್ನಿಕೊ ಶಕ್ತಿ ಕಳೆದುಕೊಳ್ಳುತ್ತದೆ.

ನಾಲ್ಕು ವೈರ್‌ನ ಹಂಬಕರ್‌ಗಳ ಬಣ್ಣ ಕಂಪನಿಗೊಂದು. ಡಂಕನ್‌ನಲ್ಲಿ ಕಪ್ಪು ಹಾಟ್, ಕೆಂಪು–ಬಿಳಿ ಒಟ್ಟಿಗೆ ಬೆಸೆದು ಬಿಡುವುದು, ಹಸಿರು ಮತ್ತು ಬರಿಯ ವೈರ್ ಗ್ರೌಂಡ್. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು–ಬಿಳಿ ಒಟ್ಟಿಗೆ, ಹಸಿರು ಮತ್ತು ಬರಿಯ ವೈರ್ ಗ್ರೌಂಡ್. ಒಂದರ ನಕ್ಷೆ ಇಟ್ಟುಕೊಂಡು ಇನ್ನೊಂದನ್ನು ಜೋಡಿಸಿದರೆ ಅರ್ಧ ಪಿಕಪ್ ಸುಮ್ಮನಾಗುತ್ತದೆ ಅಥವಾ ಎರಡು ಕಾಯಿಲ್ ಎದುರು ಬದುರಾಗಿ ದನಿ ತೆಳ್ಳಗಾಗುತ್ತದೆ. ವೈರ್ ಗಿಡ್ಡ ಮಾಡಬೇಡಿ. ಕತ್ತರಿಸಿದ ಪಿಕಪ್ ಅನ್ನು ಅಂಗಡಿಯವರು ವಾಪಸ್ ಪಡೆಯುವುದು ಅಪರೂಪ, ಮಾರಲು ಹೋದರೂ ಬೆಲೆ ಇಳಿಯುತ್ತದೆ.

ಪಾಟ್‌ನ ಬೆನ್ನಿಗೆ ಬೆಸೆಯಲು 40 ವ್ಯಾಟ್ ಐರನ್ ಮತ್ತು ಅಗಲ ತುದಿ ಬೇಕು. ಸಣ್ಣ ಐರನ್ ಹಿಡಿದು ನಿಮಿಷಗಟ್ಟಲೆ ಕಾಯಿಸಿದರೆ ಬೆಸುಗೆ ಹಿಡಿಯುವ ಮೊದಲು ಪಾಟ್ ಹಾಳಾಗುತ್ತದೆ. ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿಕೊಳ್ಳಿ. ತಂತಿ ಕಟ್ಟುವ ಮೊದಲೇ ಕೇಬಲ್ ಚುಚ್ಚಿ, ಪ್ರತಿ ಪಿಕಪ್ ಮೇಲೂ ಸ್ಕ್ರೂಡ್ರೈವರ್‌ನಿಂದ ತಟ್ಟಿ, ಆರಿಸಿದ್ದೇ ಕೇಳುತ್ತದೆಯೇ ನೋಡಿ.

ಎತ್ತರ ಕೊನೆಗೆ. ಕೊನೆಯ ಫ್ರೆಟ್ ಒತ್ತಿ ಹಿಡಿದು ಪಿಕಪ್‌ನಿಂದ ತಂತಿಯ ಅಡಿಯವರೆಗೆ ಅಳೆಯಿರಿ. ಸ್ಟ್ರ್ಯಾಟ್ ಸಿಂಗಲ್ ಕಾಯಿಲ್‌ಗೆ ದಪ್ಪ ತಂತಿಯ ಕಡೆ 2.4, ಸಣ್ಣದರ ಕಡೆ 2 ಮಿ.ಮೀ.; ಹಂಬಕರ್‌ಗೆ ಬ್ರಿಡ್ಜ್‌ನಲ್ಲಿ 1.6, ನೆಕ್‌ನಲ್ಲಿ (ಕತ್ತಿನ ಕಡೆ) 2.4ರಿಂದ ಶುರು ಮಾಡಿ. ಬ್ರಿಡ್ಜ್ ಬಳಿ ತಂತಿ ಕಡಿಮೆ ಅಲುಗುವುದರಿಂದ ನೆಕ್‌ನದನ್ನು ಇಳಿಸಿ ಜೋರು ಸಮ ಮಾಡಬೇಕಾದೀತು. ನೆಕ್ ಕಡೆ ಮೇಲಿನ ಫ್ರೆಟ್‌ಗಳಲ್ಲಿ ದಪ್ಪ ತಂತಿಗಳು ಎರಡು ಶ್ರುತಿಯಲ್ಲಿ ನಡುಗಿದಂತೆ ಕೇಳಿದರೆ ಆಯಸ್ಕಾಂತ ತಂತಿಯನ್ನು ಎಳೆಯುತ್ತಿದೆ; ಸ್ಕ್ರೂ ಅರ್ಧ ಸುತ್ತು ಇಳಿಸಿ, ಮತ್ತೆ ಕೇಳಿ, ನಡುಕ ಹೋಗುವವರೆಗೆ ಇಳಿಸುತ್ತ ಹೋಗಿ.